ಬಡಕಲು ನಾಯಿ: ಹೊಟ್ಟೆ ಮೊದಲು, ಮೈ ಆಮೇಲೆ



ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ನಮಗೆಲ್ಲ ಗೊತ್ತು. ಆದರೆ ಮಾತೇ ಬಾರದ ಜೀವದ ಊಟವನ್ನು ಬಲ್ಲವರು ಯಾರಾಗಬೇಕು? ಅದಕ್ಕೆ ಅನ್ನ ಹಾಕುವ ನಾವೇ ತಾನೇ? ಉಪ್ಪಿನಕಾಯಿ, ಬಾಣಂತನ, ಮಕ್ಕಳ ನೆಗಡಿ ಅಂತ ಬರೆಯುವ ಜಾಗದಲ್ಲಿ ಈ ಸಲ ನಾಯಿಯ ಊಟವೇ ಎಂದು ಮೂಗು ಮುರಿಯಬೇಡಿ. ನಮ್ಮ ಚಿಕ್ಕಯ್ಯನಛತ್ರದ ಕಡೆ ಬಾಗಿಲ ಮುಂದೆ ಒಂದು ನಾಯಿ ಬಾಲ ಅಲ್ಲಾಡಿಸದ ಮನೆ ಎಷ್ಟಿದ್ದಾವು, ಹೇಳಿ?

ತಿರುಮಕೂಡಲು ನರಸೀಪುರದ ಕಡೆಯಿಂದ ಒಬ್ಬ ಸೋದರಿ ಕಾಗದ ಬರೆದಿದ್ದಾರೆ. ಎಲ್ಲಿಂದಲೋ ಬಂದು ಅವರ ಮನೆ ಸೇರಿಕೊಂಡ ನಾಟಿ ನಾಯಿ, ಹೆಣ್ಣು, ಎರಡು ಮೂರು ವರ್ಷದ್ದಿರಬಹುದಂತೆ. ಪಕ್ಕೆಯ ಎಲುಬು ಎಣಿಸಬಹುದು. ತೂಕ 11 ಕಿಲೋ; ಅದರ ಎತ್ತರಕ್ಕೆ 15 ಕಿಲೋ ಆದರೂ ಇರಬೇಕಿತ್ತು. ಹಾಲನ್ನ ಹಾಕಿದರೆ ಭೇದಿ, ಮುದ್ದೆ ಸಾರು ಹಾಕಿದರೆ ವಾಂತಿ, ತುಪ್ಪದ ಅನ್ನ ಹಾಕಿದರೆ ಇನ್ನೂ ಭೇದಿ. ಅಂಗಳ ತೊಳೆದೂ ತೊಳೆದೂ ಅವರಿಗೆ ಸಾಕಾಗಿದೆ. ಮನೆಯ ಯಜಮಾನರು ಹೊಳೆಯಾಚೆ ಬಿಟ್ಟು ಬರುತ್ತೇನೆ ಎಂದಿದ್ದಾರೆ. ಮಗಳು ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಏನು ಮಾಡಲಿ ಅಕ್ಕ ಅಂತ ಕೇಳಿದ್ದಾರೆ.

ಮೊದಲಿಗೇ ಸಾರಾಂಶ ಹೇಳಿಬಿಡುತ್ತೇನೆ. ಬಡಕಲು ನಾಯಿಯನ್ನು ದಪ್ಪ ಮಾಡಲು ಹೊರಡಬೇಡಿ. ಮೊದಲು ಅದರ ಹೊಟ್ಟೆ ನಿಲ್ಲಲಿ. ಹೊಟ್ಟೆ ನಿಂತ ಮೇಲೆ ಮೈ ನಿಧಾನವಾಗಿ ತಾನೇ ತುಂಬಿಕೊಳ್ಳುತ್ತದೆ. ಅಯ್ಯೋ ಪಾಪ ಅಂತ ಒಂದೇ ಸಲ ಸುರಿಯುವ ಊಟ ಔಷಧವಾಗುವುದಿಲ್ಲ, ನಂಜಾಗುತ್ತದೆ.

ನಿಜವಾಗಿ ಬಡಕಲೋ, ಜಾತಿಯೇ ಹಾಗೋ?

ಸಣ್ಣಗಿರುವ ನಾಯಿಯೆಲ್ಲ ಸೊರಗಿದ ನಾಯಿ ಅಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯನ್ನೇ ನೋಡಿ. ಉದ್ದ ಕಾಲು, ಒಳಕ್ಕೆ ಸೇರಿದ ಹೊಟ್ಟೆ, ಬಿಲ್ಲಿನಂಥ ಬೆನ್ನು. 2005ರಲ್ಲಿ ಭಾರತದ ಅಂಚೆ ಇಲಾಖೆ ನಾಯಿಗಳ ಅಂಚೆಚೀಟಿ ತಂದಾಗ ಅದರಲ್ಲಿ ಮುಧೋಳದ ನಾಯಿಯೂ ಇತ್ತು. ಅದರ ತಳಿ ಉಳಿಸಲೆಂದೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರವಿದೆ. ಆ ನಾಯಿಯ ಕಡೆಯ ಒಂದೆರಡು ಪಕ್ಕೆಲುಬು ಕಂಡರೆ ಅದು ರೋಗವಲ್ಲ, ರೂಪ. ಅದನ್ನು ದಪ್ಪ ಮಾಡಿದರೆ ಓಡುವ ನಾಯಿ ಕೆಡುತ್ತದೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ನಿಮ್ಮ ಕೈಯಲ್ಲೇ ಇದೆ. ಮುಷ್ಟಿ ಕಟ್ಟಿ ಬೆರಳ ಗೆಣ್ಣುಗಳ ಮೇಲೆ ಇನ್ನೊಂದು ಕೈಯಾಡಿಸಿ. ನಾಯಿಯ ಪಕ್ಕೆ ಹಾಗೆ ಮೂಳೆಮೂಳೆಯಾಗಿ ಸಿಕ್ಕಿದರೆ ಅದು ಸೊರಗಿದೆ. ಈಗ ಕೈ ಬಿಚ್ಚಿ, ಅಂಗೈ ಕೆಳಗೆ ಮಾಡಿ, ಮುಂಗೈ ಬೆರಳ ಮೇಲೆ ಸವರಿ. ಪಕ್ಕೆ ಹಾಗೆ ತೆಳ್ಳನೆಯ ಹೊದಿಕೆಯ ಕೆಳಗೆ ಸಿಕ್ಕಿದರೆ ಹದವಾಗಿದೆ. ಅಂಗೈಯ ಮೆತ್ತೆಯ ಹಾಗಿದ್ದರೆ ಊಟ ಹೆಚ್ಚಾಯಿತು ಅಂತ ಲೆಕ್ಕ. ಜೊತೆಗೆ ಬೆನ್ನುಮೂಳೆ, ಸೊಂಟದ ಮೂಳೆ ದೂರದಿಂದಲೇ ಎದ್ದು ಕಾಣುತ್ತಿದ್ದರೆ, ತೊಡೆಯ ಮಾಂಸ ಇಳಿದಿದ್ದರೆ ಅದು ಜಾತಿಯ ಗುಣವಲ್ಲ, ಕೊರತೆ.

ತಿಂದರೂ ಮೈಗೆ ಹತ್ತದಿರುವುದು ಯಾಕೆ?

ತೂತು ಬಿದ್ದ ಕೊಡಕ್ಕೆ ನೀರು ತುಂಬಿದರೆ ನಿಲ್ಲುತ್ತದೆಯೇ? ತೂತು ಎಲ್ಲಿದೆ ಅಂತ ಮೊದಲು ನೋಡಬೇಕು.

ಮೊದಲನೆಯದು ಜಂತುಹುಳು. ಬೀದಿಯಲ್ಲಿ ಬೆಳೆದ ನಾಯಿಗೆ ಇದು ಇರುವುದೇ ಹೆಚ್ಚು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತವನ್ನೇ ಹೀರುತ್ತದೆ. ಎರಡನೆಯದು ಉಣ್ಣೆ. ಉಣ್ಣೆ ಕಚ್ಚಿ ಬರುವ ಜ್ವರ ನಮ್ಮ ಕಡೆ ನಾಯಿಗಳಿಗೆ ಬಹಳ. ನಾಯಿ ಮಂಕಾಗುತ್ತದೆ, ಒಸಡು ಬೆಳ್ಳಗಾಗುತ್ತದೆ, ತೂಕ ಇಳಿಯುತ್ತದೆ. ಮೂರನೆಯದು ಮೇದೋಜೀರಕದ ದೋಷ. ಕೆಲವು ನಾಯಿಗಳಲ್ಲಿ ಅನ್ನ ಅರಗಿಸುವ ರಸವೇ ಸಾಕಷ್ಟು ಊರುವುದಿಲ್ಲ. ಅಂಥ ನಾಯಿ ಬಕಾಸುರನ ಹಾಗೆ ತಿನ್ನುತ್ತದೆ, ರಾಶಿ ರಾಶಿ ಜಿಡ್ಡು ಜಿಡ್ಡಾದ ಮಲ ಹಾಕುತ್ತದೆ, ಆದರೂ ಒಣಗುತ್ತಾ ಹೋಗುತ್ತದೆ. ಇದಕ್ಕೆ ಊಟದ ಜೊತೆ ಡಾಕ್ಟರು ಕೊಡುವ ಪುಡಿಯೇ ಮದ್ದು, ಅಡುಗೆಮನೆಯ ಉಪಾಯ ಯಾವುದೂ ನಡೆಯುವುದಿಲ್ಲ. ನಾಲ್ಕನೆಯದು ನಾವು ದಿನಕ್ಕೊಂದು ಥರ ಹಾಕುವ ಊಟ.

ಆದ್ದರಿಂದ ಒಲೆ ಹಚ್ಚುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆಯ ಮಲವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ನಾಯಿಯ ಜೊತೆ ಸರ್ಕಾರಿ ಪಶು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ. ಇದರಲ್ಲಿ ನಾಚಿಕೆ ಏನೂ ಇಲ್ಲ. ತೂಕ ನೋಡಿ ಹುಳುವಿನ ಮಾತ್ರೆ ಕೊಡುತ್ತಾರೆ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿದ್ದು ಗೊತ್ತಿಲ್ಲದಿದ್ದರೆ ಅದನ್ನೂ ಕೇಳಿ ಹಾಕಿಸಿ. ಮರಿಯಾದರೆ ಮೂರು ತಿಂಗಳಿಗೆ ಹಾಕಿಸಬೇಕು, ಆಮೇಲೆ ವರ್ಷಕ್ಕೊಮ್ಮೆ.

ನಮ್ಮ ನಂಜನಗೂಡಿನ ಸ್ವಾಮಿಗೆ ಹಕೀಂ ನಂಜುಂಡ ಎಂದೂ ಹೆಸರಿದೆ. ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿಯಾದದ್ದಕ್ಕೆ ಅವನೇ ಹಾಗೆ ಕರೆದನೆಂದು ಹಿರಿಯರು ಹೇಳುತ್ತಾರೆ. ಮೂಕಪ್ರಾಣಿಗಾಗಿ ಹರಕೆ ಹೊತ್ತ ಕಥೆ ಇರುವ ಸೀಮೆ ನಮ್ಮದು. ಹರಕೆ ಹೊರಿ, ಬೇಡ ಅನ್ನಲ್ಲ. ಡಾಕ್ಟರ ಚೀಟಿಯೂ ಜೊತೆಗಿರಲಿ.

ಹಾಕಬಾರದ್ದು

ಹಾಲು: ದೊಡ್ಡ ನಾಯಿಗಳಲ್ಲಿ ಬಹಳಷ್ಟಕ್ಕೆ ಹಾಲಿನ ಸಕ್ಕರೆ ಅರಗುವುದಿಲ್ಲ. ಮರಿಯಾಗಿದ್ದಾಗ ಇರುವ ಆ ಶಕ್ತಿ ಬೆಳೆದ ಹಾಗೆ ಕಡಿಮೆಯಾಗುತ್ತದೆ. ನರಸೀಪುರದ ಸೋದರಿಯ ಹಾಲನ್ನದಿಂದ ಭೇದಿಯಾದದ್ದು ಬಹುಶಃ ಇದರಿಂದಲೇ.

ತುಪ್ಪ, ಎಣ್ಣೆ, ಕೊಬ್ಬು: ನಾಯಿ ಹೊಟ್ಟೆಗೆ ತುಪ್ಪ ದಕ್ಕದು ಅಂತ ಹಿರಿಯರು ಆಡಿಕೊಳ್ಳುತ್ತಿದ್ದರು. ಅದು ಬರೀ ಬೈಗುಳವಲ್ಲ. ಒಮ್ಮೆಗೇ ಜಿಡ್ಡು ಹೆಚ್ಚಾದರೆ ಸೂಕ್ಷ್ಮ ಹೊಟ್ಟೆ ಕೆಡುತ್ತದೆ. ಕೆಲವು ನಾಯಿಗಳಿಗೆ ಮೇದೋಜೀರಕ ಊದಿಕೊಂಡು ಪ್ರಾಣಕ್ಕೇ ಬರುತ್ತದೆ. ಬೇಗ ದಪ್ಪ ಆಗಲಿ ಅಂತ ತುಪ್ಪ ಹಾಕುವುದು ಬೇಡ.

ಹುಳಿ, ಸಾರು, ಪಲ್ಯ: ಖಾರ ಒಂದೇ ಅಲ್ಲ, ಅದರೊಳಗಿನ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣವನ್ನೇ ಒಡೆಯುತ್ತವೆ. ಬೇಯಿಸಿದರೂ ಆ ದೋಷ ಹೋಗುವುದಿಲ್ಲ. ರಕ್ತ ಕಡಿಮೆಯಿರುವ ಬಡಕಲು ನಾಯಿಗಂತೂ ಕೊಡಲೇಬಾರದು.

ದ್ರಾಕ್ಷಿ, ಒಣದ್ರಾಕ್ಷಿ: ಮೂತ್ರಪಿಂಡ ಕೆಡಿಸುತ್ತವೆ. ಹಬ್ಬದ ದಿನ ಕೇಸರಿಬಾತು, ಪಾಯಸ ಉಳಿಯಿತು ಅಂತ ನಾಯಿಯ ತಟ್ಟೆಗೆ ಬಗ್ಗಿಸುವ ಮೊದಲು ನೆನಪಿರಲಿ. ಮಕ್ಕಳ ಚಾಕಲೇಟೂ ವಿಷವೇ.

ಬೇಯಿಸಿದ ಮೂಳೆ: ಕೋಳಿಮೂಳೆ ಬೆಂದ ಮೇಲೆ ಸೀಳಾಗಿ ಒಡೆಯುತ್ತದೆ. ಗಂಟಲಿಗೂ ಕರುಳಿಗೂ ಚುಚ್ಚಬಹುದು.

ನಮ್ಮ ಮಾತ್ರೆಗಳು: ತಲೆನೋವು, ಮೈಕೈನೋವು, ಭೇದಿಗೆ ನಾವು ನುಂಗುವ ಮಾತ್ರೆಯನ್ನು ನಾಯಿಗೆ ನಾವಾಗಿ ಕೊಡತಕ್ಕದ್ದಲ್ಲ.

ಮೊದಲ ಮೂರು ದಿನದ ಪಥ್ಯ

ಲಂಘನಂ ಪರಮೌಷಧಂ ಅನ್ನುವ ಮಾತು ತುಂಬಿದ ಮೈಗೆ ಸರಿ. ಸೊರಗಿದ ನಾಯಿಯನ್ನು ಉಪವಾಸ ಹಾಕಬೇಡಿ. ಸ್ವಲ್ಪ ಸ್ವಲ್ಪ, ನಾಲ್ಕು ಹೊತ್ತು ಕೊಡಿ. ಈ ಅಳತೆ 11 ಕಿಲೋ ತೂಗುವ ನಾಯಿಗೆ, ಒಂದು ದಿನಕ್ಕೆ. ಇದರಲ್ಲಿ ಹತ್ತಿರ ಹತ್ತಿರ 400 ಕ್ಯಾಲೊರಿ ಸಿಗುತ್ತದೆ. ಸುಮ್ಮನೆ ಮಲಗಿರುವ ಅಂಥ ನಾಯಿಗೆ ಬೇಕಾಗುವುದು ಹೆಚ್ಚುಕಡಿಮೆ ಇಷ್ಟೇ.

ಬೇಕಾಗುವ ಸಾಮಾನು: ಬಿಳಿ ಅಕ್ಕಿ 75 ಗ್ರಾಂ, ಚರ್ಮ ಮೂಳೆ ಕೊಬ್ಬು ತೆಗೆದ ಕೋಳಿಮಾಂಸ 100 ಗ್ರಾಂ, ಸಿಪ್ಪೆ ಬೀಜ ತೆಗೆದ ಸಿಹಿಕುಂಬಳ ಎರಡು ಚಮಚದಷ್ಟು. ಉಪ್ಪು, ಅರಿಶಿನ, ಒಗ್ಗರಣೆ ಏನೂ ಬೇಡ.

ಮಾಡುವ ವಿಧಾನ: ಅಕ್ಕಿಗೆ ಐದರಷ್ಟು ನೀರಿಟ್ಟು ಮೆತ್ತಗೆ, ಗಂಜಿಗಿಂತ ಒಂದಿಷ್ಟು ಗಟ್ಟಿಯಾಗಿ ಬೇಯಿಸಿ. ಕೋಳಿಮಾಂಸವನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿ, ಮೇಲೆ ತೇಲುವ ಜಿಡ್ಡು ತೆಗೆದು, ಎಳೆ ಎಳೆಯಾಗಿ ಬಿಡಿಸಿ. ಕುಂಬಳವನ್ನು ಬೇಯಿಸಿ ಮಸೆಯಿರಿ. ಎಲ್ಲ ಕಲಸಿ ನಾಲ್ಕು ಪಾಲು ಮಾಡಿ. ಉಗುರುಬೆಚ್ಚಗಿರುವಾಗ ಕೊಡಿ. ಉಳಿದದ್ದನ್ನು ತಂಗಳುಪೆಟ್ಟಿಗೆಯಲ್ಲಿಟ್ಟರೆ ಅಂದಿನ ಮಟ್ಟಿಗೆ ಸಾಕು. ಹಳಸಿದ್ದು ಬೇಡವೇ ಬೇಡ. ಪಕ್ಕದಲ್ಲಿ ಕುದಿಸಿ ಆರಿಸಿದ ನೀರು ಸದಾ ಇರಲಿ.

ಮಾಂಸ ಮುಟ್ಟದ ಮನೆಯವರು ಏನು ಮಾಡಬೇಕು ಅಂತೀರಾ? ಮೊಟ್ಟೆಗೆ ಅಡ್ಡಿಯಿಲ್ಲವಾದರೆ ಹಿತ್ತಲ ಒಲೆಯಲ್ಲಿ ಎರಡು ಮೊಟ್ಟೆ ಗಟ್ಟಿಯಾಗಿ ಬೇಯಿಸಿ ಪುಡಿಮಾಡಿ ಅನ್ನಕ್ಕೆ ಸೇರಿಸಿ. ಅದೂ ಆಗದಿದ್ದರೆ 40 ಗ್ರಾಂ ಹೆಸರುಬೇಳೆಯನ್ನು ಅಕ್ಕಿಯ ಜೊತೆಗೇ ನುಣ್ಣಗೆ ಬೇಯಿಸಿ ಕೊಡಿ. ಆದರೆ ಬರೀ ಬೇಳೆ ಅನ್ನದಲ್ಲೇ ತಿಂಗಳುಗಟ್ಟಲೆ ಸಾಕುವುದಾದರೆ ಡಾಕ್ಟರನ್ನು ಕೇಳಿಯೇ ಮಾಡಬೇಕು.

ನಾಯಿ ಮಾಂಸ ತಿನ್ನುವ ಪ್ರಾಣಿ, ಅದಕ್ಕೆ ಅನ್ನ ಎಲ್ಲಿ ಅರಗುತ್ತೆ ಅಂತ ಕೆಲವರು ಕೇಳುತ್ತಾರೆ. ಸ್ವೀಡನ್ ದೇಶದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ವಿಷಯ ಇದು: ತೋಳಕ್ಕಿಲ್ಲದಷ್ಟು ಪಿಷ್ಟ ಅರಗಿಸುವ ಶಕ್ತಿ ನಾಯಿಗೆ ಹುಟ್ಟಿನಿಂದಲೇ ಬಂದಿದೆ. ಮನುಷ್ಯನ ಮನೆ ಬಾಗಿಲಲ್ಲಿ ಸಾವಿರಾರು ವರ್ಷ ತಿಂದುಂಡು ಬೆಳೆದದ್ದಲ್ಲವೇ? ಚೆನ್ನಾಗಿ ಬೆಂದ ಅನ್ನ ಅದಕ್ಕೆ ಒಗ್ಗುತ್ತದೆ. ಅರೆಬೆಂದದ್ದು ಒಗ್ಗುವುದಿಲ್ಲ.

ಒಂದು ಎಚ್ಚರಿಕೆ. ವಾರಗಟ್ಟಲೆ ಏನೂ ತಿನ್ನದೆ ಬಿದ್ದಿದ್ದ ನಾಯಿಗೆ ಈ ಅಳತೆಯೂ ಹೆಚ್ಚು. ಹಸಿದ ಮೈಗೆ ಒಮ್ಮೆಗೇ ಊಟ ಬಿದ್ದರೆ ರಕ್ತದಲ್ಲಿನ ಲವಣಗಳು ಕುಸಿದು ಗುಂಡಿಗೆ ನಿಲ್ಲಬಹುದು. 1945ರಲ್ಲಿ ಮಹಾಯುದ್ಧ ಮುಗಿದಾಗ ಜರ್ಮನಿಯ ಸೆರೆಶಿಬಿರಗಳಿಂದ ಬಿಡುಗಡೆಯಾದ ಎಷ್ಟೋ ಜನ ಹೊಟ್ಟೆ ತುಂಬ ತಿಂದ ಮೇಲೇ ಸತ್ತರು. ಅಂಥ ನಾಯಿಗೆ ಮೊದಲ ದಿನ ಇದರ ಕಾಲು ಭಾಗದಿಂದ ಶುರುಮಾಡಿ, ಅದೂ ಡಾಕ್ಟರ ಕಣ್ಣಳತೆಯಲ್ಲಿ.

ಮುಂದಿನ ಎರಡು ವಾರ

ಮಲ ಗಟ್ಟಿಯಾಗಿ, ಕಡ್ಡಿಯಲ್ಲಿ ಎತ್ತುವಷ್ಟು ಹದಕ್ಕೆ ಬಂತೇ? ಈಗ ಊಟ ಏರಿಸಬಹುದು. ಎರಡು ಮೂರು ದಿನಕ್ಕೊಮ್ಮೆ, ಮೊದಲ ಅಳತೆಯ ಐದನೇ ಒಂದು ಪಾಲಿನಷ್ಟು ಮಾತ್ರ ಸೇರಿಸುತ್ತಾ ಹೋಗಿ. ಒಂದು ಸಲಕ್ಕೆ ಒಂದೇ ಹೊಸ ಪದಾರ್ಥ. ಇವತ್ತು ಮೊಟ್ಟೆ ಸೇರಿಸಿದರೆ ಮೊಸರು ಮೂರು ದಿನ ತಡೆಯಲಿ. ಹಾಗೆ ಮಾಡಿದರೆ ಯಾವುದು ಆಗಲಿಲ್ಲ ಅನ್ನುವುದು ತಟ್ಟನೆ ಗೊತ್ತಾಗುತ್ತದೆ. ಭೇದಿ ಮತ್ತೆ ಶುರುವಾದರೆ ಗಾಬರಿ ಬೇಡ, ಹಿಂದಿನ ಅಳತೆಗೆ ಇಳಿದು ಎರಡು ದಿನ ನಿಲ್ಲಿ.

ಎರಡು ವಾರದ ಹೊತ್ತಿಗೆ ಆ ನಾಯಿಯ ದಿನದ ಊಟ ಹೀಗಿರಬಹುದು: ಅಕ್ಕಿ 80 ಗ್ರಾಂ, ರಾಗಿಹಿಟ್ಟು 40 ಗ್ರಾಂ, ಕೋಳಿಮಾಂಸ 200 ಗ್ರಾಂ, ಬೆಂದ ಮೊಟ್ಟೆ ಒಂದು, ಮೊಸರು ನಾಲ್ಕು ಚಮಚ, ಅಡುಗೆ ಎಣ್ಣೆ ಒಂದು ಟೀ ಚಮಚ, ಸಿಹಿಕುಂಬಳ ಒಂದು ಹಿಡಿ. ಇದು ಸುಮಾರು 800 ಕ್ಯಾಲೊರಿ. ಮೂರು ಹೊತ್ತಿಗೆ ಹಂಚಿ. ರಾಗಿಯನ್ನು ಗಂಟಿಲ್ಲದ ಅಂಬಲಿ ಮಾಡಿ ಅನ್ನಕ್ಕೆ ಬೆರೆಸಿದರೆ ಒಳ್ಳೆಯದು. ಮುದ್ದೆಯನ್ನು ನಾಯಿ ಅಗಿಯದೆ ನುಂಗಿಬಿಡುತ್ತದೆ. ರಾಗಿಯಲ್ಲಿ ಸುಣ್ಣದಂಶ ಹೇರಳ, ಆದರೆ ನಾರೂ ಹೆಚ್ಚು. ಅದಕ್ಕೇ ಭೇದಿ ನಿಂತ ಮೇಲೆಯೇ ರಾಗಿ. ಮೊಸರಿನಲ್ಲಿ ಹಾಲಿಗಿಂತ ಹಾಲುಸಕ್ಕರೆ ಕಡಿಮೆಯಾದ್ದರಿಂದ ಹಾಲು ಆಗದ ನಾಯಿಗೂ ಸ್ವಲ್ಪ ಸೇರುತ್ತದೆ. ಬಾಯಿ ರುಚಿಗೆ ನಮ್ಮ ರಸಬಾಳೆಯ ಒಂದೆರಡು ಬಿಲ್ಲೆ ಕೊಟ್ಟರೆ ತಪ್ಪಿಲ್ಲ, ಇಡೀ ಹಣ್ಣು ಬೇಡ.

ನಿಮ್ಮ ನಾಯಿ 5-6 ಕಿಲೋದ್ದಾದರೆ ಈ ಅಳತೆಗಳ ಅರ್ಧ, ಮೇಲೆ ಒಂದು ಹಿಡಿ. ಅಂಗಡಿಯ ಪ್ಯಾಕೆಟ್ ಆಹಾರ ಹಾಕುವವರಿಗೂ ಇದೇ ನಿಯಮ: ಹಳೆಯದರೊಳಗೆ ಹೊಸದನ್ನು ಮೊದಲು ಕಾಲು ಪಾಲು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು ಅಂತ ಏಳೆಂಟು ದಿನ ತೆಗೆದುಕೊಂಡು ಬದಲಾಯಿಸಿ.

ಒಂದು ಮಾತು ಮರೆಯಬೇಡಿ. ಅನ್ನ ಮಾಂಸದ ಊಟದಲ್ಲಿ ಸುಣ್ಣದಂಶ, ಕೆಲವು ಜೀವಸತ್ವ ಸಾಲದು. ಒಂದು ತಿಂಗಳಿಗಿಂತ ಹೆಚ್ಚು ಮನೆಯೂಟದಲ್ಲೇ ಸಾಕುವುದಾದರೆ ಖನಿಜದ ಪುಡಿಯನ್ನು ಡಾಕ್ಟರ ಹತ್ತಿರ ಬರೆಸಿಕೊಳ್ಳಿ.

ತೂಕದ ಪುಸ್ತಕ

ಹಾಲಿನವನ ಲೆಕ್ಕ ಬರೆಯುವ ಹಾಗೆ ಇದಕ್ಕೂ ಒಂದು ಪುಟ ಇಡಿ. ವಾರಕ್ಕೊಂದು ಸಲ, ಅದೇ ವಾರ, ಬೆಳಿಗ್ಗೆ ಊಟಕ್ಕೆ ಮುಂಚೆ ತೂಕ. ನಾಯಿ ತಕ್ಕಡಿ ಮೇಲೆ ನಿಲ್ಲುವುದಿಲ್ಲ, ನಿಜ. ಮೊದಲು ನೀವು ನಿಂತು ನೋಡಿ, ಆಮೇಲೆ ಅದನ್ನು ಎತ್ತಿಕೊಂಡು ನಿಂತು ನೋಡಿ. ಕಳೆದರೆ ನಾಯಿಯ ತೂಕ. ವಾರಕ್ಕೆ 150ರಿಂದ 250 ಗ್ರಾಂ ಏರಿದರೆ ಬಹಳ ಚೆನ್ನಾಯಿತು. ಆ ಲೆಕ್ಕದಲ್ಲಿ ನಾಲ್ಕು ಕಿಲೋ ಏರಲು ನಾಲ್ಕೈದು ತಿಂಗಳು ಬೇಕು. ದೀಪಾವಳಿಗೆ ಶುರುಮಾಡಿದರೆ ಯುಗಾದಿಗೆ ಮೈದುಂಬಿದ ನಾಯಿ. ಅವಸರ ಬೇಡ.

ಇನ್ನೊಂದು. ನಾಯಿಗೆ ಅನ್ನ ಹಾಕುವ ಕೈ ಒಂದೇ ಇರಲಿ. ಅಜ್ಜಿ ಒಂದು ದೋಸೆ, ಮಗ ಎರಡು ಬಿಸ್ಕತ್ತು, ಪಕ್ಕದ ಮನೆಯವರು ಉಳಿದ ಚಿತ್ರಾನ್ನ ಅಂತ ಹಾಕುತ್ತಾ ಹೋದರೆ ಯಾವ ಪಥ್ಯವೂ ನಿಲ್ಲದು. ಎಲ್ಲರಿಗೂ ಅದರ ಮೇಲೆ ಪ್ರೀತಿ ಇದೆ ಅಂತಲೇ ಅದರ ಹೊಟ್ಟೆ ಕೆಡುವುದು! ನರಸೀಪುರದ ಸೋದರಿಗೆ ಸಲಹೆ: ಊಟ ಹಾಕುವ, ಪುಸ್ತಕ ಬರೆಯುವ ಕೆಲಸವನ್ನು ಮಗಳಿಗೇ ವಹಿಸಿ. ಮಗುವೂ ಊಟ ಮಾಡುತ್ತದೆ, ನಾಯಿಯೂ ಸರಿಯಾಗುತ್ತದೆ.

ಹೊಳೆಯಾಚೆ ಬಿಡುವ ಮಾತು

ಯಜಮಾನರ ಬೇಸರ ನನಗೆ ಅರ್ಥವಾಗುತ್ತದೆ. ದಿನಾ ಅಂಗಳ ಹೊಲಸಾದರೆ ಯಾರಿಗೆ ತಾನೇ ಹಿತ? ಆದರೆ 11 ಕಿಲೋಗೆ ಇಳಿದ, ಹೊಟ್ಟೆ ನಿಲ್ಲದ ನಾಯಿಯನ್ನು ಹೊಳೆಯಾಚೆ ಬಿಟ್ಟರೆ ಅದು ಬದುಕುವುದಿಲ್ಲ. ಅಲ್ಲಿನ ನಾಯಿಗಳು ಸೇರಿಸುವುದಿಲ್ಲ, ಸಿಕ್ಕಿದ್ದು ತಿಂದು ಭೇದಿ ಹೆಚ್ಚುತ್ತದೆ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾನೂನಿನ ಪ್ರಕಾರ ಅಪರಾಧವೂ ಹೌದು. ಅವರಿಗೆ ಕಾನೂನು ಹೇಳಿ ಜಗಳ ಆಡಬೇಡಿ. ಮೂರು ವಾರ ಸಮಯ ಕೊಡಿ ಅಂತ ಕೇಳಿ. ಹುಳುವಿನ ಮಾತ್ರೆ, ಮೂರು ದಿನದ ಪಥ್ಯ, ಎರಡು ವಾರದ ಏರಿಕೆ, ಎಲ್ಲ ಸೇರಿದರೂ ಅಷ್ಟೇ. ಅಂಗಳ ಒಣಗಿದ ದಿನ ಅವರ ಮನಸ್ಸೂ ಮೆತ್ತಗಾದೀತು. ನಮ್ಮ ಊರಿನ ಹೆಸರಿನಲ್ಲೇ ಛತ್ರ ಇದೆ. ಛತ್ರ ಅಂದರೆ ದಾರಿ ನಡೆದು ದಣಿದವರಿಗೆ ಒಂದು ಹೊತ್ತಿನ ಅನ್ನ, ಒಂದಿಷ್ಟು ನೆರಳು. ನಿಮ್ಮ ಬಾಗಿಲಿಗೆ ಬಂದದ್ದೂ ಒಬ್ಬ ದಾರಿಹೋಕಳೇ ಅಂದುಕೊಳ್ಳಿ.

ತಡಮಾಡದೆ ಡಾಕ್ಟರ ಬಳಿ ಹೋಗಬೇಕಾದದ್ದು

ಮಲದಲ್ಲಿ ರಕ್ತ, ಅಥವಾ ಟಾರಿನಂತೆ ಕಪ್ಪು ಮಲ, ನೀರು ಕುಡಿದರೂ ವಾಂತಿ, ಒಂದು ಹಗಲು ಒಂದು ರಾತ್ರಿ ಏನೂ ಮುಟ್ಟದಿರುವುದು, ಬಿಳಿಚಿದ ಒಸಡು, ಊದಿದ ಹೊಟ್ಟೆ, ಮರಿಗೆ ವಾಂತಿ ಭೇದಿ ಎರಡೂ. ಇವುಗಳಲ್ಲಿ ಒಂದು ಕಂಡರೂ ಪಥ್ಯ ಮಾಡುತ್ತಾ ಕೂರಬೇಡಿ. ನಾಯಿ ಜೊಲ್ಲು ಸುರಿಸುತ್ತಾ, ನುಂಗಲಾಗದೆ, ಇದ್ದಕ್ಕಿದ್ದಂತೆ ಸ್ವಭಾವ ಬದಲಾಗಿ ಕಂಡರೆ ಗಂಟಲಲ್ಲಿ ಏನೋ ಸಿಕ್ಕಿದೆ ಅಂತ ಬಾಯಿಗೆ ಕೈ ಹಾಕಬೇಡಿ; ಹುಚ್ಚುನಾಯಿ ರೋಗ ಇರಬಹುದು. ಮಕ್ಕಳನ್ನು ದೂರ ಕಳಿಸಿ ಪಶು ಆಸ್ಪತ್ರೆಗೆ ತಿಳಿಸಿ. ಯಾವುದೇ ನಾಯಿ ಕಚ್ಚಿದರೂ, ಪರಚಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಮೆಣಸಿನಪುಡಿ ಮೆತ್ತಬೇಡಿ.

ಕಡೆಯದಾಗಿ, ನಾಯಿಯ ಹೊಟ್ಟೆಯ ಹುಳು ಮಕ್ಕಳಿಗೂ ಅಂಟಬಲ್ಲದು. ನಾಯಿಯ ತಟ್ಟೆ ಬೇರೆ, ಉಜ್ಜುವ ನಾರು ಬೇರೆ ಇರಲಿ. ಮಲವನ್ನು ದಿನಾ ತೆಗೆದು ಗುಂಡಿಯಲ್ಲಿ ಮುಚ್ಚಿ. ಮುಟ್ಟಿದ ಮೇಲೆ ಸೋಪು ಹಚ್ಚಿ ಕೈ ತೊಳೆಯುವುದನ್ನು ಮಕ್ಕಳಿಗೆ ಮೊದಲನೇ ದಿನದಿಂದಲೇ ರೂಢಿ ಮಾಡಿಸಿ.